ಬೇಸಿಗೆಯ ಓದು ಮತ್ತು ಊರಿನ ಗ್ರಂಥಾಲಯ: ಒಂದು ಚಾರಿತ್ರಿಕ ಅವಲೋಕನ

ನಮ್ಮ ದೇವಾಲಯವು ನೂರು ಸಂವತ್ಸರಗಳನ್ನು ಪೂರೈಸಿದ ಈ ಧನ್ಯ ಸಂದರ್ಭದಲ್ಲಿ, ಅದರ ಗೋಡೆಗಳನ್ನು ಎತ್ತಿದವರನ್ನೂ ಗಂಟೆಯನ್ನು ದಾನವಿತ್ತವರನ್ನೂ ನಾವು ಕೃತಜ್ಞತೆಯಿಂದ ಸ್ಮರಿಸುತ್ತಿದ್ದೇವೆ. ಅದು ಯುಕ್ತವೇ ಸರಿ. ಆದರೆ ಧರ್ಮಕೇಂದ್ರವೆಂಬುದು ಕಲ್ಲುಗಾರೆಗಳಿಂದ ಮಾತ್ರ ಬೆಳೆಯುವುದಿಲ್ಲ. ಕೇಳಿದ ವಾಕ್ಯದಿಂದಲೂ ಓದಿದ ಪುಸ್ತಕದಿಂದಲೂ ಬೆಳೆಯುತ್ತದೆ. ಆದುದರಿಂದ ಈ ಸಂಚಿಕೆಯಲ್ಲಿ ನಾನು ನಮ್ಮ ದೇವಾಲಯದ ಆವರಣದ ಹೊರಗಿರುವ, ಆದರೂ ನಮಗೆ ಸೇರಿದ ಒಂದು ಸಂಸ್ಥೆಯ ಕಡೆಗೆ ವಾಚಕರ ಗಮನವನ್ನು ಸೆಳೆಯಬಯಸುತ್ತೇನೆ. ಅದು ಸಾರ್ವಜನಿಕ ಗ್ರಂಥಾಲಯ. ವಿಶೇಷವಾಗಿ ಶಾಲೆಗಳಿಗೆ ರಜೆಯಿರುವ ಏಪ್ರಿಲ್, ಮೇ ತಿಂಗಳುಗಳಲ್ಲಿ ಅದು ನಮ್ಮ ಮಕ್ಕಳಿಗೆ ಏನಾಗಬಲ್ಲದು ಎಂಬುದೇ ಇಲ್ಲಿನ ವಿಚಾರ.

ಸಂತ ಲೂಕನು ಬರೆದ ಶುಭಸಂದೇಶದ ನಾಲ್ಕನೆಯ ಅಧ್ಯಾಯದಲ್ಲಿ ನಮಗೆಲ್ಲ ಪರಿಚಿತವಾದ ಒಂದು ಪ್ರಸಂಗವುಂಟು. ಯೇಸುಸ್ವಾಮಿ ತಾವು ಬೆಳೆದ ನಜರೇತಿನ ಪ್ರಾರ್ಥನಾಮಂದಿರಕ್ಕೆ ಹೋಗಿ ಓದಲು ಎದ್ದುನಿಲ್ಲುತ್ತಾರೆ. ಅವರ ಕೈಗೆ ಪ್ರವಾದಿ ಯೆಶಾಯನ ಸುರುಳಿಯನ್ನು ಕೊಡುತ್ತಾರೆ. ಅವರು ಅದನ್ನು ಬಿಚ್ಚಿ, ಬೇಕಾದ ಭಾಗವನ್ನು ಹುಡುಕಿ, ಓದಿ, ಮತ್ತೆ ಸುತ್ತಿ ಪರಿಚಾರಕನಿಗೆ ಹಿಂದಿರುಗಿಸುತ್ತಾರೆ. ಈ ಪ್ರಸಂಗದ ಕುರಿತು ಪ್ರಬೋಧನೆ ಮಾಡುವಾಗ ನಾವು ಸಾಮಾನ್ಯವಾಗಿ ಅವರು ಓದಿದ ವಾಕ್ಯವನ್ನು ವಿವರಿಸುತ್ತೇವೆ; ಸುರುಳಿಯನ್ನು ಹಿಂದಿರುಗಿಸಿದ ಸಂಗತಿಯನ್ನು ಗಮನಿಸುವುದಿಲ್ಲ. ಆ ಸುರುಳಿ ಬಡಗಿಯ ಮನೆಯ ಸ್ವತ್ತಾಗಿರಲಿಲ್ಲ. ಅದು ಊರಿನ ಸ್ವತ್ತು. ಅದನ್ನು ಕಾಯಲು ಒಬ್ಬ ಪರಿಚಾರಕನಿದ್ದನು. ಬೇಕಾದವನು ಪಡೆದು ಓದಿ ಮರಳಿ ಒಪ್ಪಿಸುವ ಕ್ರಮವಿತ್ತು. ಬಡವನ ಮಗನೂ ಪವಿತ್ರ ಗ್ರಂಥವನ್ನು ಕೈಯಲ್ಲಿ ಹಿಡಿಯಬಹುದಾಗಿದ್ದುದು ಈ ಕ್ರಮದಿಂದಲೇ.

ಬೇಸಿಗೆಯ ಓದಿಗೂ ನಮ್ಮ ಧರ್ಮಸಭೆಯಲ್ಲಿ ಪ್ರಾಚೀನ ಆಧಾರವಿದೆ. ಆರನೆಯ ಶತಮಾನದಲ್ಲಿ ಇಟಲಿಯ ಸಂತ ಬೆನೆಡಿಕ್ಟರು ತಮ್ಮ ಮಠವಾಸಿಗಳಿಗಾಗಿ ರಚಿಸಿದ ನಿಯಮಗ್ರಂಥದ 48ನೆಯ ಅಧ್ಯಾಯವು ದಿನನಿತ್ಯದ ದುಡಿಮೆಯನ್ನು ಕುರಿತದ್ದು. ಅದರಲ್ಲಿ ಪಾಸ್ಕ ಹಬ್ಬದಿಂದ ಅಕ್ಟೋಬರ್ ಆರಂಭದವರೆಗಿನ ಬೇಸಿಗೆಗೆ ಒಂದು ಪ್ರತ್ಯೇಕ ವೇಳಾಕ್ರಮವಿದೆ. ಮುಂಜಾನೆಯ ತಂಪಿನಲ್ಲಿ ಮೈಮುರಿದು ಕೆಲಸ. ಬಿಸಿಲು ಏರುತ್ತಿದ್ದಂತೆ, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು ಹತ್ತು ಗಂಟೆಯಿಂದ ಮಧ್ಯಾಹ್ನದವರೆಗೆ, ಓದು. ಊಟವಾದ ಮೇಲೆ ವಿಶ್ರಾಂತಿ. ಆ ವಿಶ್ರಾಂತಿಯ ವೇಳೆಯಲ್ಲಿಯೂ ಓದಬಯಸುವವನು ಓದಬಹುದು, ಆದರೆ ಪಕ್ಕದವನ ನಿದ್ದೆಗೆ ಭಂಗ ತರಬಾರದು ಎಂದು ಸಂತರು ಎಚ್ಚರಿಸುತ್ತಾರೆ. ತಪಸ್ಸುಕಾಲದ ಆರಂಭದಲ್ಲಿ ಪ್ರತಿಯೊಬ್ಬ ಸಹೋದರನೂ ಮಠದ ಗ್ರಂಥಭಂಡಾರದಿಂದ ಒಂದು ಪುಸ್ತಕವನ್ನು ಪಡೆದು, ಮೊದಲಿನಿಂದ ಕೊನೆಯವರೆಗೆ ಬಿಡದೆ ಓದಬೇಕೆಂಬ ವಿಧಿಯೂ ಅಲ್ಲಿದೆ. ಓದಿನ ವೇಳೆಯಲ್ಲಿ ಯಾರಾದರೂ ಹರಟುತ್ತಾ ಕುಳಿತಿದ್ದಾರೆಯೇ ಎಂದು ನೋಡಿಬರಲು ಒಬ್ಬಿಬ್ಬರು ಹಿರಿಯರನ್ನು ನೇಮಿಸುವ ಏರ್ಪಾಡೂ ಇತ್ತು. ಸಾವಿರದ ಐನೂರು ವರ್ಷಗಳ ಹಿಂದಿನ ಮಠವಾಸಿಗಳೂ ಬೇಸಿಗೆಯ ಮಧ್ಯಾಹ್ನದಲ್ಲಿ ನಮ್ಮ ಮಕ್ಕಳಂತೆಯೇ ಇದ್ದರೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಮಠದ ಪುಸ್ತಕ ಮಠವಾಸಿಗಳಿಗೆ ಮಾತ್ರ ಮೀಸಲಾಗಿತ್ತು. ಅದು ಸಾರ್ವಜನಿಕರಿಗೆ ದೊರೆಯಲು ಬಹುಕಾಲ ಬೇಕಾಯಿತು. ಮಿಲಾನ್ ನಗರದ ಮಹಾಧರ್ಮಾಧ್ಯಕ್ಷರಾದ ಕಾರ್ಡಿನಲ್ ಫೆದೆರಿಕೊ ಬೊರೊಮೆಯೊ ಅವರು 1609ರಲ್ಲಿ ಅಂಬ್ರೋಸಿಯಾನ ಗ್ರಂಥಾಲಯವನ್ನು ಓದುಗರಿಗೆ ತೆರೆದರು. ಯೂರೋಪಿನಲ್ಲಿ ಹೊರಗಿನ ಓದುಗರನ್ನು ಬರಮಾಡಿಕೊಂಡ ಮೊದಮೊದಲ ಗ್ರಂಥಾಲಯಗಳಲ್ಲಿ ಅದೂ ಒಂದು. ಒಬ್ಬ ಧರ್ಮಾಧ್ಯಕ್ಷರು ದೇವಾಲಯದಷ್ಟೇ ಶ್ರದ್ಧೆಯಿಂದ ಪುಸ್ತಕದ ಮನೆಯನ್ನೂ ಕಟ್ಟಿದುದು ನಾವು ಹೆಮ್ಮೆಪಡಬೇಕಾದ ವಿಷಯ.

ಆದರೆ ಚರಿತ್ರೆಯನ್ನು ಬರೆಯುವವನು ಹೆಮ್ಮೆಯ ಪುಟಗಳನ್ನು ಮಾತ್ರ ತೆರೆದಿಟ್ಟರೆ ಸಾಲದು. ಇದೇ ಧರ್ಮಸಭೆ 1559ರಲ್ಲಿ ಪೋಪ್ ನಾಲ್ಕನೆಯ ಪೌಲರ ಕಾಲದಲ್ಲಿ ನಿಷಿದ್ಧ ಗ್ರಂಥಗಳ ಪಟ್ಟಿಯೊಂದನ್ನು ಹೊರಡಿಸಿತು. ಮುಂದೆ ನಾಲ್ಕು ಶತಮಾನಗಳ ಕಾಲ ಅದು ಪರಿಷ್ಕೃತವಾಗುತ್ತ ಬಂದು, 1948ರಲ್ಲಿ ಕೊನೆಯ ಬಾರಿ ಅಚ್ಚಾಯಿತು. ವಿಶ್ವಾಸಿಗಳನ್ನು ತಪ್ಪು ಬೋಧನೆಯಿಂದ ಕಾಪಾಡುವುದು ಅದರ ಉದ್ದೇಶ. ಆದರೆ ಓದೆಂದರೆ ಮೊದಲು ಅಪಾಯ, ಆಮೇಲೆ ಉಪಕಾರ ಎಂಬ ಭಾವನೆ ಅನೇಕ ಕಥೋಲಿಕ ಮನೆಗಳಲ್ಲಿ ಬೇರೂರಲು ಅದೂ ಒಂದು ಕಾರಣವಾಯಿತೆಂಬುದನ್ನು ಅಲ್ಲಗಳೆಯಲಾಗದು. ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರ ಡಿಸೆಂಬರ್ 7ರಂದು ಹೊರಡಿಸಿದ, ಆಧುನಿಕ ಜಗತ್ತಿನಲ್ಲಿ ಧರ್ಮಸಭೆಯನ್ನು ಕುರಿತ ಸಂವಿಧಾನದಲ್ಲಿ, ಜ್ಞಾನ ಸಂಸ್ಕೃತಿಗಳು ಕುಲ, ಲಿಂಗ, ಮತಗಳ ಭೇದವಿಲ್ಲದೆ ಎಲ್ಲರ ಹಕ್ಕು ಎಂದು ಸಾರಿತು. ಮರುವರ್ಷ, 1966ರಲ್ಲಿ, ಪೋಪ್ ಆರನೆಯ ಪೌಲರ ಆಳ್ವಿಕೆಯಲ್ಲಿ ಆ ನಿಷಿದ್ಧ ಪಟ್ಟಿಯು ಕಾನೂನಿನ ಬಲವನ್ನು ಕಳೆದುಕೊಂಡಿತು. ಯಾವುದನ್ನು ಓದಬೇಕೆಂಬ ವಿವೇಚನೆಯ ಹೊಣೆ ಅಂದಿನಿಂದ ವಿಶ್ವಾಸಿಯ ಮನಸ್ಸಾಕ್ಷಿಯ ಮೇಲೆ ಬಿದ್ದಿದೆ. ಪಟ್ಟಿಯನ್ನು ನೋಡುವುದಕ್ಕಿಂತ ಇದು ಕಠಿಣವಾದ ಹೊಣೆ.

ನಮ್ಮ ನಾಡಿನ ಕಡೆಗೆ ತಿರುಗೋಣ. ಕರಾವಳಿಯ ಕಥೋಲಿಕರಲ್ಲಿ ಓದು ಬಹುಕಾಲ ಕೇಳುವ ಓದಾಗಿತ್ತು. 1579ರಲ್ಲಿ ಗೋವೆಗೆ ಬಂದ ಯೇಸುಸಭೆಯ ಇಂಗ್ಲಿಷ್ ಗುರು ಫಾದರ್ ತೋಮಸ್ ಸ್ಟೀಫನ್ಸರು ಮರಾಠಿಯಲ್ಲಿ ರಚಿಸಿದ 'ಕ್ರಿಸ್ತಪುರಾಣ'ವು 1616ರಲ್ಲಿ ರಾಚೋಲಿನಲ್ಲಿ ಅಚ್ಚಾಯಿತು. ಹತ್ತು ಸಾವಿರಕ್ಕೂ ಮಿಕ್ಕಿದ ಓವಿಗಳ ಈ ಮಹಾಕಾವ್ಯವನ್ನು ಒಬ್ಬರು ಹಾಡಿ ಹಲವರು ಕೇಳುತ್ತಿದ್ದರು. ಮೊದಲ ಮುದ್ರಣದ ಪ್ರತಿಗಳು ಕಾಲಗರ್ಭದಲ್ಲಿ ಮರೆಯಾದರೂ, ಹಸ್ತಪ್ರತಿಗಳ ಆಧಾರದಿಂದ ಜೋಸೆಫ್ ಸಲ್ಡಾನ್ಹರು 1907ರಲ್ಲಿ ಅದನ್ನು ಮಂಗಳೂರಿನಲ್ಲಿ ಮತ್ತೆ ಪ್ರಕಟಿಸಿದರು. ಇನ್ನೂರ ತೊಂಬತ್ತು ವರ್ಷಗಳ ಕಾಲ ಒಂದು ಕಾವ್ಯವು ಉಳಿದುಬಂದುದು ಯಾರೋ ಕೆಲವರು ಅದನ್ನು ನಕಲು ಮಾಡಿ, ಗೆದ್ದಲಿನಿಂದಲೂ ಮಳೆಯಿಂದಲೂ ಕಾಪಾಡಿ, ಪರರಿಗೆ ಕೊಟ್ಟುದರಿಂದ. ಪುಸ್ತಕ ಬದುಕುವುದು ಕೈಯಿಂದ ಕೈಗೆ ದಾಟಿದಾಗಲೇ. ನಮ್ಮ ಪ್ರೊಟೆಸ್ಟಂಟ್ ಸಹೋದರರ ಸೇವೆಯನ್ನೂ ಇಲ್ಲಿ ಸ್ಮರಿಸಬೇಕು. ಬಾಸೆಲ್ ಮಿಶನ್ನಿನವರು 1841ರಲ್ಲಿ ಮಂಗಳೂರಿನಲ್ಲಿ ಮುದ್ರಣಾಲಯವನ್ನು ಸ್ಥಾಪಿಸಿದರು. 1843ರಲ್ಲಿ ಹರ್ಮನ್ ಮೋಗ್ಲಿಂಗರು ಕನ್ನಡದ ಮೊದಲ ವೃತ್ತಪತ್ರಿಕೆಯಾದ 'ಮಂಗಳೂರ ಸಮಾಚಾರ'ವನ್ನು ಹೊರತಂದರು. ಅಚ್ಚಿನ ಪುಸ್ತಕವು ಹೀಗೆ ಬಂದಿತು. ಆದರೆ ಅದನ್ನು ಕೊಳ್ಳಲಾರದವನಿಗೆ ಓದಲು ಕೊಡುವವರು ಯಾರು?

ಈ ಪ್ರಶ್ನೆಗೆ ಭಾರತದಲ್ಲಿ ಮೊದಲು ದೊಡ್ಡ ಪ್ರಮಾಣದಲ್ಲಿ ಉತ್ತರವಿತ್ತವರು ಬರೋಡದ ಮಹಾರಾಜ ಮೂರನೆಯ ಸಯಾಜಿರಾವ್ ಗಾಯಕವಾಡರು. ಅವರು 1910ರಲ್ಲಿ ಅಮೆರಿಕದಿಂದ ವಿಲಿಯಂ ಬೋರ್ಡನ್ ಎಂಬ ಗ್ರಂಥಪಾಲರನ್ನು ಕರೆಸಿ, ಸಂಸ್ಥಾನದ ಹಳ್ಳಿಗಳವರೆಗೆ ಉಚಿತ ಗ್ರಂಥಾಲಯಗಳ ಜಾಲವನ್ನು ಹರಡಿದರು. ಗ್ರಂಥಾಲಯವಿಲ್ಲದ ಊರುಗಳಿಗೆ ಮರದ ಪೆಟ್ಟಿಗೆಗಳಲ್ಲಿ ಪುಸ್ತಕಗಳು ಪ್ರಯಾಣ ಮಾಡಿದವು. ಮದರಾಸು ಪ್ರಾಂತದ ಮನ್ನಾರ್ಗುಡಿಯ ಬಳಿ 1931ರಲ್ಲಿ ಕನಕಸಭೈ ಪಿಳ್ಳೆಯವರು ಎತ್ತಿನ ಗಾಡಿಯಲ್ಲಿ ಪುಸ್ತಕಗಳನ್ನು ಹೇರಿ ಹಳ್ಳಿಹಳ್ಳಿಗೆ ಕಳುಹಿಸಿದರು. ಆ ಕಾರ್ಯದ ಬೆನ್ನಿಗೆ ನಿಂತವರು ಭಾರತದ ಗ್ರಂಥಾಲಯ ಶಾಸ್ತ್ರದ ಪಿತಾಮಹರಾದ ಡಾ. ಎಸ್. ಆರ್. ರಂಗನಾಥನ್.

ರಂಗನಾಥನ್ನರು ನಮಗೆ ಪರಕೀಯರಲ್ಲ. 1917ರಲ್ಲಿ ಅವರು ತಮ್ಮ ಅಧ್ಯಾಪಕ ವೃತ್ತಿಯನ್ನು ಆರಂಭಿಸಿದುದು ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ, ಗಣಿತವನ್ನು ಕಲಿಸುತ್ತಾ. 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲರಾಗಿ, 1931ರಲ್ಲಿ ಗ್ರಂಥಾಲಯದ ಐದು ಸೂತ್ರಗಳನ್ನು ಪ್ರಕಟಿಸಿದರು. ಬೀರುವಿನಲ್ಲಿ ಬೀಗ ಹಾಕಿಡಲು ಪುಸ್ತಕ ಇರುವುದಲ್ಲ, ಉಪಯೋಗಕ್ಕೆ ಇರುವುದು. ಪ್ರತಿಯೊಬ್ಬ ಓದುಗನಿಗೂ ತಕ್ಕ ಪುಸ್ತಕ ದೊರೆಯಬೇಕು ಎಂಬುದೇ ಅವುಗಳ ಸಾರ. ಅವರ ಪರಿಶ್ರಮದ ಫಲವಾಗಿ 1948ರ ಮದರಾಸು ಸಾರ್ವಜನಿಕ ಗ್ರಂಥಾಲಯ ಶಾಸನವು ಜಾರಿಗೆ ಬಂದಿತು. 1956ರವರೆಗೆ ಮದರಾಸು ರಾಜ್ಯದಲ್ಲಿದ್ದ ನಮ್ಮ ಜಿಲ್ಲೆಗೂ ಆ ಶಾಸನವು ಅನ್ವಯಿಸಿತು. ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದ ಅವರು 1972ರಲ್ಲಿ ಅಲ್ಲಿಯೇ ನಿಧನರಾದರು.

ಅಂದು ಮೈಸೂರು ರಾಜ್ಯವೆನಿಸಿದ್ದ ನಮ್ಮ ರಾಜ್ಯದಲ್ಲಿ 1965ರ ಸಾರ್ವಜನಿಕ ಗ್ರಂಥಾಲಯ ಶಾಸನವು 1966ರ ನವೆಂಬರ್ 1ರಂದು ಜಾರಿಗೆ ಬಂದಿತು. ರೋಮಿನಲ್ಲಿ ನಿಷಿದ್ಧ ಪಟ್ಟಿಯು ಮುಕ್ತಾಯವಾದ ವರ್ಷವೇ ನಮ್ಮ ರಾಜ್ಯದಲ್ಲಿ ಎಲ್ಲರಿಗೂ ಪುಸ್ತಕ ಒದಗಿಸುವ ಕಾನೂನು ಜಾರಿಯಾದುದು ಆಕಸ್ಮಿಕವಿರಬಹುದು; ನಾನಂತೂ ಅದನ್ನು ದೈವಸಂಕಲ್ಪದ ಒಂದು ಕಿರುಗುರುತೆಂದು ಭಾವಿಸುತ್ತೇನೆ. ಈ ಶಾಸನದ ಪ್ರಕಾರ ನಾವು ಮನೆ, ಕಟ್ಟಡಗಳ ಮೇಲೆ ತೆರುವ ತೆರಿಗೆಯ ಜತೆಯಲ್ಲಿ ಗ್ರಂಥಾಲಯ ಕರವೂ ಸೇರಿರುತ್ತದೆ. ಆರಂಭದಲ್ಲಿ ಅದು ರೂಪಾಯಿಗೆ 3 ಪೈಸೆ ಇದ್ದು, ಬಳಿಕ 6 ಪೈಸೆಗೆ ಏರಿತು. ಗ್ರಂಥಾಲಯವು ಸರ್ಕಾರದ ದಾನವೆಂದು ತಿಳಿದು ಅದರ ಹೊಸ್ತಿಲನ್ನು ತುಳಿಯದಿರುವವರು ಇದನ್ನು ಗಮನಿಸಬೇಕು. ಅದಕ್ಕೆ ಹಣ ಕೊಟ್ಟವರು ನಾವೇ.

ಇನ್ನು ಬೇಸಿಗೆಯ ಕಾರ್ಯಕ್ರಮಗಳು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಅಮೆರಿಕದ ಕ್ಲೀವ್‌ಲೆಂಡ್, ಪಿಟ್ಸ್‌ಬರ್ಗ್ ಮೊದಲಾದ ಕೈಗಾರಿಕಾ ನಗರಗಳ ಗ್ರಂಥಾಲಯಗಳು ಮಕ್ಕಳನ್ನು ಕಲೆಹಾಕಿ ಪುಸ್ತಕ ಕೊಡುವ, ಕಥೆ ಹೇಳುವ ಕಾರ್ಯಕ್ಕೆ ತೊಡಗಿದವು. ಶಾಲೆ ಮುಚ್ಚಿದ ತಿಂಗಳುಗಳಲ್ಲಿ ಕಾರ್ಮಿಕರ ಮಕ್ಕಳು ಬೀದಿಪಾಲಾಗಬಾರದು, ಕಲಿತ ಅಕ್ಷರ ಮರೆಯಬಾರದು ಎಂಬುದು ಅದರ ಹಿಂದಿನ ಕಳಕಳಿ. ನಮ್ಮಲ್ಲಿಯೂ ಈ ಕಳಕಳಿ ಮೂಡಿರುವುದು ಸಂತೋಷದ ವಿಷಯ. 2019ರಲ್ಲಿ ಕರ್ನಾಟಕದ ಐದು ಸಾವಿರಕ್ಕೂ ಮಿಕ್ಕಿದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಆಡಳಿತಕ್ಕೆ ಬಂದವು. ಈಗ ಅವುಗಳಿಗೆ 'ಅರಿವು ಕೇಂದ್ರ'ಗಳೆಂಬ ಹೆಸರಿದೆ. ಮಹಾಮಾರಿಯಿಂದ ಶಾಲೆಗಳು ಮುಚ್ಚಿದ್ದ 2020ರ ನವೆಂಬರ್ 14ರಂದು ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ದೊರೆಯಿತು. ಬೇಸಿಗೆ ರಜೆಯಲ್ಲಿ ಕಥೆ ಹೇಳುವುದು, ಗಟ್ಟಿಯಾಗಿ ಓದುವುದು, ಚಿತ್ರ ಬರೆಯುವುದು, ಚದುರಂಗ ಮೊದಲಾದ ಚಟುವಟಿಕೆಗಳು ಅನೇಕ ಅರಿವು ಕೇಂದ್ರಗಳಲ್ಲಿ ನಡೆಯುತ್ತಿವೆ.

ಕೆಲವು ಹೆತ್ತವರು ಕೇಳುವುದುಂಟು: "ಫಾದರ್, ಕಂಡಕಂಡ ಪುಸ್ತಕಗಳನ್ನು ಓದಿದರೆ ಮಕ್ಕಳ ವಿಶ್ವಾಸ ಕೆಡುವುದಿಲ್ಲವೇ?" ಈ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಪೋಪ್ ಫ್ರಾನ್ಸಿಸರು 2024ರ ಜುಲೈ 17ರಂದು ಸಾಹಿತ್ಯದ ಓದನ್ನು ಕುರಿತು ಬರೆದ ಪತ್ರವನ್ನು ಅಂಥವರು ಗಮನಿಸಬೇಕು. ರಜೆಯ ಬೇಸರದಲ್ಲಿ, ಬಿಸಿಲಿನ ಮೌನದಲ್ಲಿ, ಒಳ್ಳೆಯ ಪುಸ್ತಕವು ಮನುಷ್ಯನನ್ನು ಹಾನಿಕರವಾದ ಹವ್ಯಾಸಗಳಿಂದ ದೂರವಿಡುತ್ತದೆಂಬ ಆಶಯದ ಮಾತು ಅದರ ಆರಂಭದಲ್ಲೇ ಇದೆ. ಯೌವನದಲ್ಲಿ ತಾವು ಯೇಸುಸಭೆಯ ಶಾಲೆಯೊಂದರಲ್ಲಿ ಸಾಹಿತ್ಯ ಕಲಿಸುತ್ತಿದ್ದಾಗ, ಪಠ್ಯದ ಹಳೆಯ ಕಾವ್ಯವನ್ನು ವಿದ್ಯಾರ್ಥಿಗಳು ಒಲ್ಲದಿರಲು, ಅದನ್ನು ಮನೆಯಲ್ಲಿ ಓದಲು ಹೇಳಿ, ತರಗತಿಯಲ್ಲಿ ಅವರಿಗೆ ಪ್ರಿಯವಾದ ಲೇಖಕರನ್ನೇ ಓದಿಸಿದೆನೆಂದೂ ಅವರು ಸ್ಮರಿಸಿದ್ದಾರೆ. ಇಂದು ನಮ್ಮ ಮಕ್ಕಳ ಅಂಗೈಯಲ್ಲಿರುವ ಮೊಬೈಲಿಗೆ ಯಾವ ಗ್ರಂಥಪಾಲನೂ ಇಲ್ಲ, ಯಾವ ಹಿರಿಯನೂ ಸುತ್ತಿ ನೋಡಿಬರುವುದಿಲ್ಲ. ಗ್ರಂಥಾಲಯದಲ್ಲಾದರೋ ಕಾಯುವವರಿದ್ದಾರೆ, ಆರಿಸಿಕೊಡುವವರಿದ್ದಾರೆ. ಭಯಪಡಬೇಕಾದುದು ಓದಿಗಲ್ಲ, ಓದುವ ಮಗುವನ್ನು ಒಂಟಿಯಾಗಿ ಬಿಡುವುದಕ್ಕೆ. ಪ್ರೇಷಿತರ ಕಾರ್ಯಕಲಾಪಗಳಲ್ಲಿ, ರಥದಲ್ಲಿ ಕುಳಿತು ಪ್ರವಾದಿಯನ್ನು ಓದುತ್ತಿದ್ದ ಇಥಿಯೋಪಿಯದ ಅಧಿಕಾರಿಯ ಕೈಯಿಂದ ಫಿಲಿಪ್ಪನು ಗ್ರಂಥವನ್ನು ಕಸಿದುಕೊಳ್ಳಲಿಲ್ಲ. ಅರ್ಥವಾಗುತ್ತಿದೆಯೇ ಎಂದು ವಿಚಾರಿಸಿ, ಪಕ್ಕದಲ್ಲಿ ಕುಳಿತನು.

ಆದುದರಿಂದ ಈ ಶತಮಾನೋತ್ಸವ ವರ್ಷದಲ್ಲಿ ನನ್ನ ವಿನಂತಿ ಇಷ್ಟೆ. ಪಾಸ್ಕ ಹಬ್ಬ ಕಳೆದು ಶಾಲೆಗಳು ಮುಚ್ಚಿದ ಮೇಲೆ ಪ್ರತಿಯೊಂದು ಕುಟುಂಬದ ಮಕ್ಕಳೂ ಊರಿನ ಗ್ರಂಥಾಲಯದ ಸದಸ್ಯರಾಗಲಿ. ಮೊದಲ ದಿನ ತಂದೆಯೋ ತಾಯಿಯೋ ಅಜ್ಜನೋ ಜತೆಯಲ್ಲಿ ಹೋಗಲಿ. ನಮ್ಮಲ್ಲಿರುವ ನಿವೃತ್ತ ಅಧ್ಯಾಪಕ ಅಧ್ಯಾಪಿಕೆಯರು ವಾರಕ್ಕೊಂದು ದಿನ ಅಲ್ಲಿ ಕುಳಿತು ಎಲ್ಲ ಜಾತಿಮತಗಳ ಮಕ್ಕಳಿಗೆ ಕಥೆ ಓದಿ ಹೇಳಲಿ. ಬೇಕಾದ ಕನ್ನಡ, ಕೊಂಕಣಿ ಪುಸ್ತಕಗಳಿಲ್ಲದಿದ್ದರೆ ಗ್ರಂಥಪಾಲರಿಗೆ ವಿನಯದಿಂದ ಬರೆದುಕೊಡೋಣ. ಓದುಗರು ಕೇಳದ ಪುಸ್ತಕ ಯಾವ ಕಪಾಟಿಗೂ ಬರುವುದಿಲ್ಲ. ಮನೆಯಲ್ಲಿ ರಾತ್ರಿಯ ಜಪಸರದ ನಂತರ ಮಗುವೊಂದು ತಾನು ಓದಿದ್ದನ್ನು ಐದು ನಿಮಿಷ ಹೇಳಲಿ, ಹಿರಿಯರು ಕೇಳಲಿ.

ನೂರು ವರ್ಷಗಳ ಹಿಂದೆ ಈ ದೇವಾಲಯಕ್ಕೆ ಕಲ್ಲು ಹೊತ್ತವರಲ್ಲಿ ಅನೇಕರಿಗೆ ಓದು ಬರುತ್ತಿರಲಿಲ್ಲ. ತಮ್ಮ ಮಕ್ಕಳಾದರೂ ಓದಲೆಂದು ಅವರು ಹಾರೈಸಿದರು. ಅವರ ಹಾರೈಕೆಯ ಫಲವನ್ನು ಉಣ್ಣುತ್ತಿರುವ ನಾವು, ಮುಂದಿನ ನೂರು ವರ್ಷಗಳ ಮಕ್ಕಳಿಗೆ ಪುಸ್ತಕದ ಬಾಗಿಲನ್ನು ತೆರೆದಿಡೋಣ. ಆದಿಯಲ್ಲಿ ವಾಕ್ಯವಾಗಿದ್ದು ನಮಗಾಗಿ ಮನುಷ್ಯರಾದ ಪ್ರಭು ನಮ್ಮ ಮನೆಗಳನ್ನೂ ನಮ್ಮ ಮಕ್ಕಳ ಓದನ್ನೂ ಆಶೀರ್ವದಿಸಲಿ.