ಖರೀದಿ ಪತ್ರದಾಗ ಬರೆಯದ ಹಗೇವು

ಮನೆ ಮಾರಾಟದ ಪತ್ರ ತೆಗೆದು ನೋಡಿ. ಪೂರ್ವಕ್ಕೆ ಯಾರ ಮನೆ, ಪಶ್ಚಿಮಕ್ಕೆ ಯಾವ ದಾರಿ, ಉದ್ದ ಎಷ್ಟು, ಅಗಲ ಎಷ್ಟು, ಹಣ ಎಷ್ಟು ಎಂದು ಬರೆದಿರುತ್ತದೆ. ಹಳ್ಳಿಯ ಮನೆಯಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11 ಜೊತೆಗಿರುತ್ತವೆ. ಆದರೆ ಮಾಳಿಗೆ ಸೋರಿದರೆ ಏನು ಮಾಡಬೇಕು, ಅಂಗಳದಲ್ಲಿ ಹಗೇವಿನ ಬಾಯಿ ಎಲ್ಲಿದೆ ಎಂಬುದು ಯಾವ ಕಾಗದದಲ್ಲೂ ಇರುವುದಿಲ್ಲ. ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯಲ್ಲಿ ಅದನ್ನು ಮಾರಿದವರೇ ಬಾಯಿಮಾತಿನಲ್ಲಿ ಹೇಳಿ ಹೋಗುತ್ತಿದ್ದರು.

ಹೇಳಲೇಬೇಕಾದ ಸಂಗತಿಗಳು ಬಹಳ ಇದ್ದವು. ಈ ಭಾಗದ ಹಳೆಯ ಮನೆಗಳು ಮಣ್ಣಿನ ಮಾಳಿಗೆಯವು. ದಪ್ಪ ಗೋಡೆ, ಕಂಬ, ತೊಲೆ, ಅದರ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆ-ಸೊಪ್ಪು, ಎಲ್ಲಕ್ಕೂ ಮೇಲೆ ಮಣ್ಣು. ಎಲ್ಲ ಮಣ್ಣೂ ಮಾಳಿಗೆಗೆ ಆಗುವುದಿಲ್ಲ. ಸವಳು ಮಣ್ಣೇ ಬೇಕು. ಅದು ಹಸಿಯಾದಾಗ ಕರಗಿ ಸಂದುಗಳನ್ನು ಮುಚ್ಚಿಕೊಳ್ಳುತ್ತದೆ, ನೀರು ಕೆಳಗಿಳಿಯಲು ಬಿಡುವುದಿಲ್ಲ, ಹುಲ್ಲೂ ಸರಿಯಾಗಿ ಹುಟ್ಟುವುದಿಲ್ಲ. ಮುಂಗಾರಿಗೆ ಮುಂಚೆ ಹೊಸ ಮಣ್ಣು ಹರಡಿ ಸಮ ಮಾಡಬೇಕು, ಮಳೆನೀರು ಇಳಿಯುವ ದೋಣಿಯ ಕಸ ತೆಗೆಯಬೇಕು, ಮೋಡ ಕಟ್ಟಿದಾಗ ಬೆಳಕಿಂಡಿ ಮುಚ್ಚಬೇಕು. ಒಂದು ವರ್ಷ ಮರೆತರೆ ನೀರು ಜಂತಿಗೆ ಇಳಿಯುತ್ತದೆ. ಗೆದ್ದಲು ಹತ್ತಿದ ತೊಲೆ ಯಾವುದೆಂದು ಆ ಮನೆಯಲ್ಲಿ ಹತ್ತಾರು ಮಳೆಗಾಲ ಕಳೆದವರಿಗೇ ಗೊತ್ತು.

ಹಗೇವಿನ ಮಾತು ಇನ್ನೂ ದೊಡ್ಡದು. ಅಂಗಳದಲ್ಲೋ ಮನೆಯ ಮುಂದೆಯೋ ಗಟ್ಟಿ ನೆಲ ನೋಡಿ ತೋಡಿದ ಜೋಳದ ಕಣಜ ಅದು. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಒಳಗೆ ಸುತ್ತಲೂ ಹುಲ್ಲು ಹಾಸಿ ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಬರಗಾಲಕ್ಕೆ ಅದೇ ಆಸರೆ. ಮುಚ್ಚಿದ ಗುಂಡಿಯಲ್ಲಿ ಕಾಳು ಉಸಿರಾಡುತ್ತಾ ಆಮ್ಲಜನಕವನ್ನು ಮುಗಿಸಿಬಿಡುತ್ತದೆ, ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಹುಳ ಸಾಯುವುದೂ ಅದರಿಂದಲೇ, ಅವಸರದಲ್ಲಿ ಇಳಿದ ಮನುಷ್ಯ ಸಾಯುವುದೂ ಅದರಿಂದಲೇ. ಅದಕ್ಕೇ ಬಾಯಿ ತೆರೆದು ಹೊತ್ತು ಬಿಡಬೇಕು, ದೀಪ ಇಳಿಬಿಟ್ಟು ನೋಡಬೇಕು, ದೀಪ ಆರಿದರೆ ಇಳಿಯಬಾರದು. "ತಮ್ಮಾ, ಈ ಮೂಲ್ಯಾಗ ಹಗೇವ ಐತಿ, ಮ್ಯಾಲ ಬಂಡಿ ನಿಲ್ಲಸಬ್ಯಾಡ" ಎಂದು ಮಾರಿದ ಹಿರಿಯರು ತೋರಿಸಿ ಹೋಗದಿದ್ದರೆ ಕೊಂಡವನು ಜೀವಕ್ಕೇ ಎರವಾಗಬಹುದಿತ್ತು.

ಮಾರಿದವರು ಅದೇ ಊರಲ್ಲಿ ಇರುವವರೆಗೆ ಇದಕ್ಕೆ ತೊಂದರೆ ಇರಲಿಲ್ಲ. ಜಂತಿ ಸದ್ದು ಮಾಡಿದರೆ ಎರಡು ಓಣಿ ದಾಟಿ ಹೋಗಿ "ಕಾಕಾ, ಏನ್ ಮಾಡ್ಲಿ?" ಎಂದು ಕೇಳಬಹುದಿತ್ತು. ನಿಜಾಮರ ಕಾಲದಲ್ಲಿ ಕಚೇರಿಯ ಭಾಷೆ ಉರ್ದು, ಮನೆಯ ಭಾಷೆ ಕನ್ನಡ. ಕಾಗದ ಓದಿಸಿಕೊಳ್ಳಲು ಬೇರೆಯವರ ಬಳಿ ಹೋಗಬೇಕಾದವರಿಗೆ ಬಾಯಿಮಾತೇ ಗಟ್ಟಿ ದಾಖಲೆಯಾಗಿತ್ತು.

ಇದನ್ನು ಬದಲಿಸಿದ್ದು ಕಾಲುವೆ. 1945ರಲ್ಲಿ ಅಡಿಗಲ್ಲು ಹಾಕಿದ ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿಯಿತು. ಎಡದಂಡೆ ಕಾಲುವೆಯ ನೀರು ಸಿಂಧನೂರು ಸೀಮೆಗೆ ಹರಿಯಿತು. ಕರಾವಳಿ ಆಂಧ್ರದ ರೈತರು ಬಂದು ಜಮೀನು ಕೊಂಡರು. ಅವರಲ್ಲಿ ಬಹಳ ಮಂದಿ ಊರೊಳಗಿನ ಮಾಳಿಗೆ ಮನೆಗೆ ಬರಲಿಲ್ಲ, ಗದ್ದೆಯ ಬದಿಯಲ್ಲೇ ಕ್ಯಾಂಪು ಕಟ್ಟಿಕೊಂಡರು. ಹೊಲ ಮಾರಿದವರಿಂದ ಅವರು ಕಲಿಯಬೇಕಾಗಿದ್ದದ್ದು ಎರೆಮಣ್ಣಿನ ಗುಣ. ಜೋಳದ ಜಾಗಕ್ಕೆ ಭತ್ತ ಬಂತು. ಭತ್ತ ಚೀಲದಲ್ಲಿ ಗಿರಣಿಗೆ ಹೋಗುವ ಬೆಳೆ, ಅದಕ್ಕೆ ಹಗೇವು ಬೇಡ. ಅಂತರ್ಜಲ ಮೇಲೆ ಬಂದ ಕಡೆ ನೆಲದೊಳಗಿನ ಗುಂಡಿಗೆ ತೇವವೂ ಹಿಡಿಯಿತು. ಹಗೇವು ಮುಚ್ಚಿದವು, ಅವು ಎಲ್ಲಿದ್ದವು ಎಂಬ ನೆನಪೂ ಮುಚ್ಚಿತು.

ಕೇಳಲು ಯಾರೂ ಇಲ್ಲದವರೂ ಇಲ್ಲಿಗೆ ಬಂದರು. 1970ರ ದಶಕದ ಆರಂಭದಲ್ಲಿ ಪೂರ್ವ ಬಂಗಾಳದ ನಿರಾಶ್ರಿತರನ್ನು ಸರಕಾರ ಸಿಂಧನೂರು ತಾಲ್ಲೂಕಿಗೆ ತಂದು ನೆಲೆಗೊಳಿಸಿತು. ಇಂದಿಗೂ ಅವು ಆರ್.ಎಚ್. ಕ್ಯಾಂಪುಗಳು. ಸೂರು ಸರಕಾರ ಕೊಟ್ಟದ್ದು, ಹಿಂದೆ ಬಾಳಿದವರು ಯಾರೂ ಇಲ್ಲ. ನದಿ, ಕೆರೆ, ಹಸಿರಿನ ನಾಡಿನಿಂದ ಬಂದವರು ಈ ಬಿಸಿಲನ್ನೂ, ಬೇಸಿಗೆಗೆ ಬಿರಿದು ಮಳೆಗೆ ಉಬ್ಬುವ ಎರೆ ನೆಲವನ್ನೂ ತಾವೇ ಪಾಡುಪಟ್ಟು ಕಲಿತರು.

ಹೇಳುವವರ ಸಾಲು ಕಡಿದರೆ ಏನಾಗುತ್ತದೆ? 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದ ಮಳೆಯನ್ನು ನಮ್ಮ ಜಿಲ್ಲೆ ಮರೆತಿಲ್ಲ. ಬಿಡದೆ ಸುರಿದ ಮಳೆಗೆ ಮಣ್ಣಿನ ಮನೆಗಳು ಸಾಲುಸಾಲಾಗಿ ಕುಸಿದವು. ಅಂಥ ಮಳೆಗೆ ಚೆನ್ನಾಗಿ ನೋಡಿಕೊಂಡ ಮನೆಯೂ ಬೀಳಬಹುದು. ಆದರೆ ಮಾಳಿಗೆಗೆ ಮಣ್ಣು ಕಾಣದ, ದೋಣಿ ಕಟ್ಟಿಕೊಂಡ ಮನೆಗೆ ಸಾಧಾರಣ ಮಳೆಯೇ ಸಾಕು.

1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಮಿನಲ್ಲಿ ಒಂದು ಮಾತಿದೆ: ತನಗೆ ಗೊತ್ತಿರುವ, ಕೊಳ್ಳುವವನ ಕಣ್ಣಿಗೆ ಸುಲಭಕ್ಕೆ ಬೀಳದ ದೊಡ್ಡ ದೋಷವನ್ನು ಮಾರುವವನು ಹೇಳಬೇಕು. ದೋಷ ಹೇಳಿದರೆ ಕಾನೂನಿಗೆ ಸಾಕು, ಮನೆಯನ್ನು ಬಾಳಿಸುವ ರೀತಿ ಹೇಳಿಕೊಡು ಎಂದು ಅದು ಒತ್ತಾಯಿಸುವುದಿಲ್ಲ.

ಈಗ ಲಿಂಗಸುಗೂರು, ಮಸ್ಕಿಯ ಹಳೆ ಓಣಿಗಳ ಮನೆ ಕೊಳ್ಳುವವರು ಹೆಚ್ಚಾಗಿ ಕೆಡವಿ ಆರ್‌ಸಿಸಿ ಕಟ್ಟುವವರು. ಜಂತಿಯ ಚಿಂತೆ ಅವರಿಗಿಲ್ಲ. ಹಗೇವಿನ ಚಿಂತೆ ಮಾತ್ರ ಉಂಟು, ಕಾಲಂ ನಿಲ್ಲಿಸುವ ಜಾಗದ ಕೆಳಗೇ ಹಳೆಯ ಟೊಳ್ಳು ಇರಬಹುದು. ನೋಂದಣಿ ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತಿ ಎಲ್ಲರೂ ತಮ್ಮ ತಮ್ಮ ದಾರಿ ಹಿಡಿಯುವ ಮುಂಚೆ, ಆ ಮನೆಯಲ್ಲಿ ಹುಟ್ಟಿ ಬೆಳೆದ ಅಜ್ಜಿಯನ್ನೋ ಅಜ್ಜನನ್ನೋ ಒಂದು ಗಳಿಗೆ ಅಂಗಳಕ್ಕೆ ಕರೆತನ್ನಿ. ಬಾಯಿ ಎಲ್ಲಿತ್ತು ಎಂದು ಕೇಳಿ, ಅವರು ತೋರಿಸಿದ ಕಡೆ ಸುಣ್ಣದಿಂದ ಒಂದು ಗುರುತು ಹಾಕಿಕೊಳ್ಳಿ.