ಮೆಣಸಿನ ಬೇರು, ಮಣ್ಣಿನ ಕಾವಲು

ಕಾಳುಮೆಣಸಿಗೆ ಬರುವ ನಿಧಾನ ಸೊರಗು ರೋಗ ಬೆಳೆಗಾರನನ್ನು ವರ್ಷಗಟ್ಟಲೆ ಸತಾಯಿಸುತ್ತದೆ. ಎಲೆ ಹಳದಿಯಾಗುತ್ತದೆ, ಮಳೆ ಬಿದ್ದರೆ ಮತ್ತೆ ಹಸಿರಾಗಿ ಆಸೆ ಹುಟ್ಟಿಸುತ್ತದೆ, ಕೊನೆಗೆ ಬಳ್ಳಿ ಒಣಗುತ್ತದೆ.

1930ರ ದಶಕದಲ್ಲಿ ಇಂಡೊನೇಷ್ಯಾದ ಬಂಕಾ ದ್ವೀಪದ ಮೆಣಸಿನ ತೋಟಗಳು ಹೀಗೆಯೇ ಹಳದಿಯಾದಾಗ ಬೇರಿನೊಳಗೆ ಸಿಕ್ಕಿದ್ದು ಬರಿಗಣ್ಣಿಗೆ ಕಾಣದ ಜಂತುಹುಳು, ರಾಡೋಫೋಲಸ್ ಸಿಮಿಲಿಸ್. ನಮ್ಮ ತೋಟಗಳಲ್ಲಿ ಬೇರುಗಂಟು ಹುಳುವೂ ಅದರ ಜೊತೆಗಾರ. ಇಲ್ಲಿ ಇವಕ್ಕೆ ಬಂದ ಮದ್ದು ಫೋರೇಟ್ ಹರಳು. ಅದು ಹುಳುವಿಗಷ್ಟೇ ಅಲ್ಲ, ಹಾಕುವ ಕೈಗೂ ವಿಷ.

ಬೇರೆ ದಾರಿಯ ಸುಳಿವು ಸಿಕ್ಕಿದ್ದು ಮೆಣಸೇ ಬೆಳೆಯದ ಇಂಗ್ಲೆಂಡಿನಲ್ಲಿ. ಒಂದೇ ಹೊಲದಲ್ಲಿ ವರ್ಷವರ್ಷವೂ ಧಾನ್ಯ ಬೆಳೆದರೂ ಜಂತುಹುಳು ಹೆಚ್ಚುವ ಬದಲು ಕುಗ್ಗುವುದೇಕೆ ಎಂದು 1970ರ ದಶಕದಲ್ಲಿ ರೋಥಮ್‌ಸ್ಟೆಡ್‌ನ ವಿಜ್ಞಾನಿ ಬ್ರಿಯಾನ್ ಕೆರಿ ಹುಡುಕಿದರು. ಮಣ್ಣಿನ ಶಿಲೀಂಧ್ರಗಳು ಹೆಣ್ಣುಹುಳುಗಳನ್ನೂ ಮೊಟ್ಟೆಗಳನ್ನೂ ತಿಂದುಹಾಕುತ್ತಿದ್ದವು. ಅವುಗಳಲ್ಲೊಂದು ಇಂದು ಪೊಕೋನಿಯಾ ಎಂದು ಹೆಸರಾಗಿದೆ. ಕೋಳಿಕ್ಕೋಡಿನ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆ ಅದನ್ನು ಮೆಣಸಿನ ಬಳ್ಳಿಗೂ ಒಗ್ಗಿಸಿತು. ಹಳೆಯ ಬೇವಿನ ಹಿಂಡಿಯೂ ಜೊತೆಗಿತ್ತು.

ಕೇಂದ್ರ ಸರ್ಕಾರದ 2018ರ ಆದೇಶದಂತೆ 2020ರ ಕೊನೆಗೆ ಫೋರೇಟ್ ಬಳಕೆಗೆ ತೆರೆ ಬಿತ್ತು. ಆದರೆ ವಿಷದ ಜಾಗಕ್ಕೆ ಶಿಲೀಂಧ್ರವನ್ನು ಸುಮ್ಮನೆ ಸುರಿದರಾಗದು. ಬೇರು ಕೊಳೆತ ಬಳ್ಳಿಯನ್ನು ಅದು ಎಬ್ಬಿಸದು. ಪ್ಲಾಸ್ಟಿಕ್ ಹೊದಿಸಿ ಬಿಸಿಲಿಗೆ ಕಾಯಿಸಿದ ಮಣ್ಣು, ಅದರಲ್ಲಿ ಬೆರೆಸಿದ ಶಿಲೀಂಧ್ರ, ಹುಳುವಿಲ್ಲದ ಸಸಿ: ಕೆಲಸ ಶುರುವಾಗಬೇಕಾದ್ದು ನರ್ಸರಿಯಲ್ಲಿ. ವಿಷ ಕೊಂದು ಮುಗಿಸುತ್ತಿತ್ತು. ಕಾವಲುಗಾರನನ್ನು ಮಾತ್ರ ಸಾಕಬೇಕು.