ಕೋಳಿ ಮುಚ್ಚುವ ಹೊತ್ತು

ನಮ್ಮೂರ ಕಡೆ ಸಂಜೆಯ ಹೊತ್ತು ಗೊತ್ತುಮಾಡಲು ಗಡಿಯಾರ ಬೇಕಿರಲಿಲ್ಲ. ‘ಕೋಳಿ ಮುಚ್ಚೋ ಹೊತ್ಗೆ ಬಂದ್ಬುಡು’ ಎಂದರೆ ಎಲ್ಲರಿಗೂ ಅರ್ಥವಾಗುತ್ತಿತ್ತು. ದನಗಳು ಕೊಟ್ಟಿಗೆಗೆ ಬಂದು, ಇನ್ನೂ ದೀಪ ಹಚ್ಚದೆ ಇರುವ ಆ ಅರ್ಧ ಗಂಟೆಯೇ ಕೋಳಿ ಮುಚ್ಚುವ ಹೊತ್ತು. ಪಟ್ಟಣದಲ್ಲಿ ಹುಟ್ಟಿ ಬೆಳೆದ ನನ್ನ ಸೊಸೆ ಒಮ್ಮೆ ಈ ಮಾತು ಕೇಳಿ, ‘ಕೋಳೀನ ಯಾಕತ್ತೆ ಮುಚ್ಚಬೇಕು?’ ಎಂದಳು. ‘ಮುಚ್ಚದಿದ್ದರೆ ಬೆಳಿಗ್ಗೆಗೆ ಇರೋದಿಲ್ಲ’ ಎಂದು ಹೇಳಿ ಸುಮ್ಮನಾದೆ. ಆಮೇಲೆ ಯೋಚಿಸಿದರೆ ಆ ಉತ್ತರ ಅಷ್ಟು ಚಿಕ್ಕದಲ್ಲ ಅನ್ನಿಸಿತು.

ನಮ್ಮದು ಮೇಲುಕೋಟೆ ಬೆಟ್ಟದ ಮಗ್ಗುಲಿನ ಹಳ್ಳಿ. ಅಜ್ಜಿ ಹಿತ್ತಲಲ್ಲಿ ನಿಂತು ಒಂದು ಹಿಡಿ ರಾಗಿ ಚೆಲ್ಲಿ ‘ಬಾ ಬಾ ಬಾ’ ಎಂದು ಕೂಗಿದರೆ ಸಾಕು, ತಿಪ್ಪೆಯಿಂದ, ಬಣವೆಯ ಹಿಂದಿನಿಂದ, ಬೇಲಿಸಾಲಿನಿಂದ ಹುಂಜ, ಹ್ಯಾಟೆಗಳೆಲ್ಲ ಓಡಿ ಬರುತ್ತಿದ್ದವು. ದೊಡ್ಡವು ಕಲ್ಲುಚಪ್ಪಡಿ ಹಾಸಿದ ಮಣ್ಣಿನ ಗೂಡಿಗೆ ಹೋಗುತ್ತಿದ್ದವು. ಪಿಳ್ಳೆಗಳಿದ್ದ ಹ್ಯಾಟೆಯನ್ನು ಅದರ ಸಂಸಾರದ ಸಮೇತ ನಡುಮನೆಯ ಮೂಲೆಯಲ್ಲಿ ಮಂಕರಿ ಬೋರಲು ಹಾಕಿ ಮುಚ್ಚಿ, ಮೇಲೊಂದು ಗುಂಡುಕಲ್ಲು ಹೇರುತ್ತಿದ್ದಳು. ಮುಚ್ಚುವ ಮೊದಲು ಎಣಿಕೆ. ಅಜ್ಜಿಗೆ ಓದು ಬರಹ ಬಾರದು. ಆದರೆ ಹನ್ನೊಂದು ಪಿಳ್ಳೆಗಳಲ್ಲಿ ಒಂದು ಕಡಿಮೆಯಾದರೂ ಅವಳ ಕಣ್ಣು ಹಿಡಿದುಬಿಡುತ್ತಿತ್ತು.

ಕೋಳಿಪಿಳ್ಳೆಗೆ ಶತ್ರುಗಳು ಎರಡು ಪಾಳಿಯಲ್ಲಿ ಬರುತ್ತಾರೆ. ಹಗಲಿನ ಪಾಳಿ ಹದ್ದಿನದು, ಕಾಗೆಯದು, ಮುಂಗುಸಿಯದು. ಮೇಲೆ ಹದ್ದಿನ ನೆರಳಾಡಿದರೆ ಹ್ಯಾಟೆ ಒಂದು ಬಗೆಯ ಸದ್ದು ಮಾಡುತ್ತದೆ. ಪಿಳ್ಳೆಗಳು ಎಲ್ಲಿದ್ದರೂ ಓಡಿಬಂದು ರೆಕ್ಕೆಯಡಿ ಸೇರುತ್ತವೆ. ಅಜ್ಜಿ ಪಿಳ್ಳೆಗಳ ಬೆನ್ನಿಗೆ ಅರಿಶಿನ ಕಲಸಿ ಹಚ್ಚುತ್ತಿದ್ದಳು, ಹದ್ದಿಗೆ ಗುರುತು ತಪ್ಪಲಿ ಎಂದು. ಸತ್ತ ಕಾಗೆಯೊಂದನ್ನು ಗಳುವಿಗೆ ಕಟ್ಟಿ ನಿಲ್ಲಿಸಿದ್ದೂ ಉಂಟು. ರಾತ್ರಿಯ ಪಾಳಿ ಕಾಡುಬೆಕ್ಕಿನದು, ನರಿಯದು, ಹಾವಿನದು. ಹಾವಿಗೆ ಒಂದು ಬಿಲ ಸಾಕು. ಬೆಕ್ಕಿಗೆ ಸರಿಯಾಗಿ ಕೂಡದ ಬಾಗಿಲು ಸಾಕು.

ನನಗಾಗ ಹನ್ನೆರಡು ವರ್ಷ. ಹೈಸ್ಕೂಲಿಗೆ ಪಕ್ಕದ ಊರಿಗೆ ಹೋಗಬೇಕು. ‘ಹೆಣ್ಣುಮಗೂಗೆ ಇಷ್ಟು ಓದು ಸಾಕು, ಫೀಸು ಬಟ್ಟೆಗೆಲ್ಲ ದುಡ್ಡೆಲ್ಲಿ’ ಎಂದು ಅಪ್ಪ ಮಾತು ಮುಗಿಸಿಬಿಟ್ಟಿದ್ದರು. ಅಜ್ಜಿ ಒಲೆಯ ಮುಂದಿನಿಂದಲೇ ‘ನನ್ನ ಕೋಳಿ ದುಡ್ಡಲ್ಲಿ ಕಳಿಸ್ತೀನಿ ಬುಡಪ್ಪ’ ಎಂದಳು. ಹೊಲ, ರಾಗಿ, ಬೆಲ್ಲ, ಕುರಿ ಎಲ್ಲದರ ದುಡ್ಡೂ ಗಂಡಸರ ಕೈಗೆ ಹೋಗುತ್ತಿದ್ದ ಮನೆಯಲ್ಲಿ ಮೊಟ್ಟೆ ಕೋಳಿಗಳ ದುಡ್ಡು ಮಾತ್ರ ಅವಳದಾಗಿತ್ತು. ಸೆರಗಿನ ತುದಿಯ ಗಂಟೇ ಅವಳ ಬ್ಯಾಂಕು.

ಸಂಕ್ರಾಂತಿ ಕಳೆದ ವಾರ ಅಜ್ಜಿ ನಂಟರ ಮನೆಗೆ ಹೋದವಳು ಒಂದು ರಾತ್ರಿ ಅಲ್ಲೇ ಉಳಿದಳು. ಕೋಳಿ ಮುಚ್ಚುವ ಕೆಲಸ ನನಗೆ ಬಿತ್ತು. ಆ ಸಂಜೆ ಊರಮುಂದೆ ತೊಗಲುಬೊಂಬೆ ಆಟ ಇಳಿದಿತ್ತು. ಓಡುವ ಅವಸರದಲ್ಲಿ ಮಂಕರಿ ಮುಚ್ಚಿದೆ, ಕಲ್ಲು ಹೇರಲಿಲ್ಲ. ಹಿತ್ತಿಲ ಬಾಗಿಲ ಅಗುಳಿಯನ್ನೂ ಹಾಕಲಿಲ್ಲ. ಬೆಳಿಗ್ಗೆ ನೋಡಿದರೆ ಮಂಕರಿ ಓರೆಯಾಗಿ ಬಿದ್ದಿತ್ತು. ಹ್ಯಾಟೆ ಇರಲಿಲ್ಲ. ಪಿಳ್ಳೆಗಳಲ್ಲಿ ಎರಡು ಮಾತ್ರ ಒರಳಿನ ಹಿಂದೆ ಸೇರಿಕೊಂಡು ಬದುಕಿದ್ದವು. ಉಳಿದವು ನೆಲದ ತುಂಬ ಬಿದ್ದಿದ್ದವು, ತಿನ್ನದೆ ಬರಿದೇ ಕಚ್ಚಿ ಬಿಸಾಡಿದ ಹಾಗೆ. ಕಾಡುಬೆಕ್ಕು ಎಂದರು ಹೆಜ್ಜೆ ನೋಡಿದವರು.

ಅಜ್ಜಿ ಬಂದಳು. ಹೊಡೆಯುತ್ತಾಳೆ ಎಂದುಕೊಂಡಿದ್ದೆ. ಚಿಕ್ಕಪ್ಪ ಕೋವಿ ಇದ್ದವರನ್ನು ಕರೆತಂದು ಬೆಕ್ಕನ್ನು ಮುಗಿಸುತ್ತೇನೆಂದು ಹಾರಾಡುತ್ತಿದ್ದರು. ಅಜ್ಜಿ ಸತ್ತ ಪಿಳ್ಳೆಗಳನ್ನು ಮೊರಕ್ಕೆ ತುಂಬುತ್ತ, ‘ಅದ್ನ ಕೊಂದ್ರೆ ಇನ್ನೊಂದು ಬತ್ತದೆ. ಅದ್ಕೂ ಮರಿ ಅವೆ ಕಣಪ್ಪ. ಬಾಗ್ಲು ನಮ್ದು’ ಎಂದಳು. ನನ್ನ ಕಡೆ ನೋಡಲಿಲ್ಲ. ಅದೇ ನನಗೆ ಏಟಿಗಿಂತ ಹೆಚ್ಚಾಯಿತು.

ಮುಂದಿನ ವಾರ ಕಾವಿಗೆ ಬಂದಿದ್ದ ಇನ್ನೊಂದು ಹ್ಯಾಟೆಯ ಕೆಳಗೆ ಹನ್ನೆರಡು ಮೊಟ್ಟೆ ಇಟ್ಟಳು. ಇಪ್ಪತ್ತೊಂದು ದಿನ. ಒಡೆದು ಬಂದದ್ದು ಹತ್ತು. ಆ ಬೇಸಿಗೆಯೆಲ್ಲ ನಾನು ಕೈಯಲ್ಲಿ ಕೋಲು ಹಿಡಿದು ಹಿತ್ತಲು ಬಿಟ್ಟು ಕದಲಲಿಲ್ಲ. ಎಂಟು ದೊಡ್ಡವಾದವು. ಜೂನಿನಲ್ಲಿ ಅಜ್ಜಿ ಹುಂಜಗಳನ್ನು ಸಂತೆಯಲ್ಲಿ ಮಾರಿ ನನ್ನ ಫೀಸು ಕಟ್ಟಿಸಿದಳು.

ಆ ಫೀಸಿನ ದಾರಿ ಹಿಡಿದು ಹೋದವಳು ಕೊನೆಗೆ ಪಟ್ಟಣದ ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳುವವಳಾದೆ. ವೀರಗಲ್ಲುಗಳ ಪಾಠ ಬಂದಾಗ ನಮ್ಮ ಜಿಲ್ಲೆಯದೇ ಆದ ಆತಕೂರಿನ ಶಾಸನವನ್ನು ತಪ್ಪದೆ ಹೇಳುತ್ತಿದ್ದೆ. ಕ್ರಿ.ಶ. 949-50ರ ಸುಮಾರಿನದು. ತಕ್ಕೋಲದ ಕಾಳಗದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಗಂಗರ ಬೂತುಗ ಏನು ಬೇಕೆಂದು ಕೇಳಿದಾಗ, ಅವನು ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿಯನ್ನು ಕಾಡುಹಂದಿಯ ಮೇಲೆ ಬಿಟ್ಟಾಗ ಹಂದಿಯೂ ನಾಯಿಯೂ ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಆ ಕಲ್ಲಿಗೆ ಪೂಜೆ ಸಲ್ಲಿಸದೆ ಅಲ್ಲಿನ ಗೊರವ ಉಣ್ಣಬಾರದೆಂದು ಕಟ್ಟಳೆ ಮಾಡಿದರು. ನಾಯಿ ಹಂದಿ ಸೆಣಸುವ ಚಿತ್ರವಿರುವ ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯ ಸೇರಿದೆ. ತುರು ಕಾಯ್ದು ಸತ್ತವರಿಗೆ, ಹುಲಿಯೊಡನೆ ಹೋರಾಡಿ ಮಡಿದವರಿಗೆ ನಿಲ್ಲಿಸಿದ ಕಲ್ಲುಗಳೂ ನಾಡಿನ ತುಂಬ ಇವೆ. ಹೆಂಗಸಿಗೆ ಕಲ್ಲು ಸಿಕ್ಕಿದ್ದು ಹೆಚ್ಚಾಗಿ ಗಂಡನ ಚಿತೆಯೇರಿದಾಗ, ಮಾಸ್ತಿಕಲ್ಲಾಗಿ. ಸತ್ತು ಕಾಪಾಡಿದವರ ಲೆಕ್ಕ ಹೀಗೆ ಕಲ್ಲಿನಲ್ಲಿ ಉಳಿಯಿತು. ದಿನಾ ಸಂಜೆ ಬಾಗಿಲು ಹಾಕಿ ಕಾಪಾಡಿದವರ ಲೆಕ್ಕ ಎಲ್ಲೂ ಉಳಿಯಲಿಲ್ಲ.

ಬ್ರಿಟಿಷರ ಕಾಲದಲ್ಲಿ ಲೆಕ್ಕ ಕಾಗದಕ್ಕೆ ಬಂತು. ಅದು ಕೊಂದದ್ದರ ಲೆಕ್ಕ. ಹುಲಿ, ಚಿರತೆ, ತೋಳಗಳನ್ನು ಕೊಂದು ತಂದವರಿಗೆ ಸರ್ಕಾರ ಇನಾಮು ಕೊಡುತ್ತಿತ್ತು. ಇತಿಹಾಸಕಾರ ಮಹೇಶ್ ರಂಗರಾಜನ್ ಅವರು ಲೆಕ್ಕ ಹಾಕಿರುವಂತೆ, 1875ರಿಂದ 1925ರವರೆಗಿನ 50 ವರ್ಷಗಳಲ್ಲಿ 80,000ಕ್ಕೂ ಹೆಚ್ಚು ಹುಲಿಗಳು, 1,50,000ಕ್ಕೂ ಹೆಚ್ಚು ಚಿರತೆಗಳು, 2,00,000ದಷ್ಟು ತೋಳಗಳು ಹೀಗೆ ಸತ್ತವು. ಇಷ್ಟೆಲ್ಲ ಕೊಂದ ಮೇಲೂ ನನ್ನ ಅಜ್ಜಿಯ ಕಾಲದ ಯಾವ ಹೆಂಗಸೂ ಬಾಗಿಲು ತೆರೆದು ಮಲಗಲಿಲ್ಲ ಎಂಬುದು ಆ ಪಟ್ಟಿಯಲ್ಲಿಲ್ಲ.

ಆಗಲೂ ಬೇರೆ ಮಾತು ಆಡಿದವರು ಇದ್ದರು. ಮೈಸೂರು ಸಂಸ್ಥಾನದ ನಾಲೆಗಳ ಕೆಲಸದಲ್ಲಿದ್ದು ಆಮೇಲೆ ಆನೆ ಹಿಡಿಸುವ ಖೆಡ್ಡಾದಿಂದ ಹೆಸರಾದ ಸ್ಯಾಂಡರ್ಸನ್, ಸ್ವತಃ ದೊಡ್ಡ ಬೇಟೆಗಾರ. ಆದರೂ 1878ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಆತ ಹುಲಿಯ ಪರವಾಗಿ ವಾದಿಸಿದ. ಹುಲಿ ಇಲ್ಲವಾದರೆ ಹಂದಿ ಜಿಂಕೆಗಳು ಹೆಚ್ಚಿ ರೈತನ ಬೆಳೆಗೇ ಕುತ್ತು ಎಂಬುದು ಅವನ ವಾದ. ಅಂಥ ಮಾತಿಗೆ ಕಾನೂನಿನ ಬಲ ಬರಲು ಸುಮಾರು ನೂರು ವರ್ಷ ಬೇಕಾಯಿತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. 1974ರಲ್ಲಿ ನಮ್ಮ ಮೇಲುಕೋಟೆಯ ಬೆಟ್ಟಸಾಲೇ ವನ್ಯಜೀವಿಧಾಮವಾಯಿತು, ಅದೂ ಮುಖ್ಯವಾಗಿ ತೋಳಗಳಿಗಾಗಿ. ಹಿಂದೆ ಇನಾಮಿನ ಪಟ್ಟಿಯಲ್ಲಿದ್ದ ಪ್ರಾಣಿ ಈಗ ಕಾಪಾಡಬೇಕಾದವರ ಪಟ್ಟಿಗೆ ಬಂತು. ಊರಲ್ಲಿ ಆಗ ಗೊಣಗಿದವರು ಬೇಕಾದಷ್ಟು ಜನ. ಕುರಿ ಕಳೆದುಕೊಂಡವರು ಗೊಣಗದೆ ಏನು ಮಾಡಿಯಾರು?

ನಮ್ಮ ಸೀಮೆಯ ಕುರಿ ಎಂದರೆ ಬನ್ನೂರು ಕುರಿ. ಮಂಡ್ಯ ಕುರಿ ಎಂದೂ ಹೆಸರು. ಗಿಡ್ಡ ಕಾಲು, ಮೈಕಟ್ಟು ಭದ್ರ, ಮಾಂಸಕ್ಕೆ ಹೆಸರುವಾಸಿ. ಕುರಿ ಸಾಕುವವರ ಮನೆಗಳಲ್ಲೂ ಕಾಯುವ ಕೆಲಸ ಪಾಲಾಗಿತ್ತು. ಮೇಯಿಸಲು ಹೋಗುವುದು ಗಂಡಸರದು. ಇನ್ನೂ ಕಾಲು ಬಲಿಯದ ಮರಿಗಳನ್ನು ಮನೆಯಲ್ಲಿಟ್ಟು ನೋಡಿಕೊಳ್ಳುವುದು ಹೆಂಗಸರದು. ಮಂದೆಯಲ್ಲಿ ಹಿಂದೆ ಬಿದ್ದ ಮರಿಯೇ ತೋಳಕ್ಕೆ ಸುಲಭ. ಆದ್ದರಿಂದ ಮರಿ ಗಟ್ಟಿಯಾಗುವ ತನಕ ಮಂದೆಗೆ ಬಿಡುತ್ತಿರಲಿಲ್ಲ. ಸಂಜೆ ತಾಯಿ ಮನೆಗೆ ಬಂದ ಮೇಲೆ ಮರಿಗಳನ್ನು ಹಾಲಿಗೆ ಬಿಟ್ಟು, ಮತ್ತೆ ಮಂಕರಿಯಡಿ ಸೇರಿಸುತ್ತಿದ್ದರು. ರೊಪ್ಪದ ಸುತ್ತ ಜಾಲಿಮುಳ್ಳು, ಕಾರೆಮುಳ್ಳಿನ ಬೇಲಿ. ತೋಳಕ್ಕೆ, ನರಿಗೆ ಅದು ಸಾಕಾಗುತ್ತಿತ್ತು.

ಚಿರತೆಗೆ ಸಾಲದು. ಅದು ಹಾರುವ ಪ್ರಾಣಿ. ನಮ್ಮ ಜಿಲ್ಲೆಯಲ್ಲಿ ಚಿರತೆಯ ಕತೆ ನೀರಿನ ಕತೆಯ ಜೊತೆ ಹೆಣೆದುಕೊಂಡಿದೆ. ಕನ್ನಂಬಾಡಿ ಕಟ್ಟೆ ಎದ್ದು, ಇರ್ವಿನ್ ನಾಲೆ, ಅಂದರೆ ಈಗಿನ ವಿಶ್ವೇಶ್ವರಯ್ಯ ನಾಲೆ ಹರಿದು, 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿ ಹುಟ್ಟಿದ ಮೇಲೆ ರಾಗಿಯ ಹೊಲಗಳು ಕಬ್ಬಿನ ಗದ್ದೆಗಳಾದವು. ಆಳೆತ್ತರದ ಕಬ್ಬು ತಿಂಗಳುಗಟ್ಟಲೆ ನಿಲ್ಲುತ್ತದೆ; ಒಳಗೆ ತಂಪು, ನೆರಳು, ಹಂದಿ, ಊರಿನ ನಾಯಿ. ಚಿರತೆಗೆ ಇನ್ನೇನು ಬೇಕು? ಕಬ್ಬು ಕಡಿಯುವಾಗ ಚಿರತೆ ಮರಿಗಳು ಸಿಕ್ಕ ಸುದ್ದಿಯನ್ನು ನೀವೂ ಪತ್ರಿಕೆಯಲ್ಲಿ ಓದಿರುತ್ತೀರಿ. ಬೆಟ್ಟದ ಪ್ರಾಣಿ ಊರೊಳಗೆ ಬಂತು ಎನ್ನುತ್ತೇವೆ. ಅದಕ್ಕೆ ಮನೆ ಕಟ್ಟಿಕೊಟ್ಟವರು ನಾವೇ.

ಕೋಳಿಗಳ ವಿಷಯದಲ್ಲಿ ವಿಜ್ಞಾನಿಗಳೂ ಅಜ್ಜಿಯಂದಿರ ಮಾತಿಗೆ ಕಿವಿಗೊಟ್ಟ ಒಂದು ಪ್ರಸಂಗವುಂಟು. ಫಾರಂನ ಬಿಳಿ ಕೋಳಿ ಮೊಟ್ಟೆಯೇನೋ ಹೆಚ್ಚು ಇಡುತ್ತದೆ. ಹಿತ್ತಲಲ್ಲಿ ಬಿಟ್ಟರೆ ಹದ್ದಿನ ಕಣ್ಣಿಗೆ ದೂರದಿಂದಲೇ ಬೀಳುತ್ತದೆ. ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾನಿಲಯದವರು 1980ರ ದಶಕದ ಕೊನೆಯಲ್ಲಿ ಬೆಳೆಸಿ ಕೊಟ್ಟ ಗಿರಿರಾಜ ಕೋಳಿಗೆ ನಾಟಿ ಕೋಳಿಯ ಹಾಗೆ ಬಣ್ಣಬಣ್ಣದ ಗರಿ. ಮಣ್ಣು, ಬೇಲಿ, ತರಗೆಲೆಗಳ ನಡುವೆ ಅದು ಎದ್ದು ಕಾಣುವುದಿಲ್ಲ. ಹಿತ್ತಲಲ್ಲಿ ಬದುಕಿ ಉಳಿಯಬೇಕಾದ ಕೋಳಿಗೆ ಬಣ್ಣವೂ ಒಂದು ಬಾಗಿಲು ಎಂದು ಅವರಿಗೆ ಗೊತ್ತಿತ್ತು.

ಎರಡು ವರ್ಷದ ಹಿಂದೆ ಊರಿಗೆ ಹೋದಾಗ ತಮ್ಮನ ಮನೆಯಲ್ಲಿ ದುಃಖದ ವಾತಾವರಣ. ಹಿಂದಿನ ರಾತ್ರಿ ಚಿರತೆ ರೊಪ್ಪಕ್ಕೆ ಹಾರಿ ಆರು ಕುರಿಮರಿಗಳನ್ನು ಕೊಂದಿತ್ತು; ಒಯ್ದದ್ದು ಒಂದು. ತಮ್ಮನ ಹೆಂಡತಿ ಸ್ತ್ರೀಶಕ್ತಿ ಸಂಘದಲ್ಲಿ ಸಾಲ ಎತ್ತಿ ಕೊಂಡ ಕುರಿಗಳ ಮರಿಗಳು ಅವು. ಅವಳು ಅಳುತ್ತಿರಲಿಲ್ಲ, ಕಂತಿನ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದಳು. ಜಗಲಿಯ ಮೇಲೆ ಗಂಡಸರ ಪಂಚಾಯ್ತಿ ನಡೆದಿತ್ತು. ಉಳಿದ ಹೆಣಕ್ಕೆ ವಿಷ ಹಾಕಿಟ್ಟರೆ ಚಿರತೆ ರಾತ್ರಿ ಮತ್ತೆ ಬರುತ್ತದೆ, ತಿಂದು ಸಾಯುತ್ತದೆ ಎಂದು ಒಬ್ಬರು. ಬೇಲಿಗೆ ಉರುಳು ಕಟ್ಟೋಣ ಎಂದು ಇನ್ನೊಬ್ಬರು.

ನಾನು ಕಾಯಿದೆಯ ಮಾತು ತೆಗೆದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಕಾಯಿದೆ ಕಂತು ಕಟ್ಟುವುದಿಲ್ಲವಲ್ಲ! ಆಗ ತಮ್ಮನ ಹೆಂಡತಿ ಎದ್ದು ಹೊರಗೆ ಬಂದಳು. ‘ವಿಷ ಇಟ್ರೆ ಮೊದ್ಲು ತಿನ್ನೋದು ಬೀದಿ ನಾಯಿ. ಆಮೇಲೆ ನನ್ ಕೋಳಿ. ಮೇಲ್ಗಡೆ ಯಾಕ್ ಮುಚ್ಚಿಲ್ಲ ಅಂತ ಹೋದ್ ವರ್ಸವೇ ಕೇಳಿದ್ದೆ, ಯಾರೂ ಮುಚ್ಚಿಸ್ಲಿಲ್ಲ’ ಎಂದಳು. ಜಗಲಿ ಸದ್ದಿಲ್ಲದಾಯಿತು. ಅವಳು ಅಜ್ಜಿಯನ್ನು ನೋಡಿದವಳಲ್ಲ. ಅವಳು ಮದುವೆಯಾಗಿ ಬರುವ ಹೊತ್ತಿಗೆ ಅಜ್ಜಿ ತೀರಿಕೊಂಡಿದ್ದಳು.

ಹೆಣಗಳನ್ನು ಕದಲಿಸದೆ ಅರಣ್ಯ ಇಲಾಖೆಯವರಿಗೆ ಹೇಳಿ ಕಳಿಸಿದೆವು. ಪಶುವೈದ್ಯರು ಬಂದು ನೋಡಿ ಬರೆದುಕೊಂಡರು. ಪರಿಹಾರ ಬರುವುದು ತಡವಾಯಿತು, ಬಂದದ್ದೂ ಪೂರ್ತಿಯಲ್ಲ. ಆ ವಾರವೇ ರೊಪ್ಪದ ಮೇಲೆ ಅಡ್ಡಡ್ಡ ಕಬ್ಬಿಣದ ಕೊಳವೆ ಹಾಯಿಸಿ ಗಟ್ಟಿ ಜಾಲರಿ ಹೊದಿಸಿದರು. ಕೋಳಿಗೂಡಿಗೆ ಬೆರಳು ತೂರದಂಥ ಸಣ್ಣ ಕಣ್ಣಿನ ಜಾಲರಿ, ಮುಂಗುಸಿ ಕೆರೆದು ಬಾರದಂತೆ ಬುಡಕ್ಕೆ ಕಲ್ಲು, ಬಾಗಿಲಿಗೆ ಚಿಲಕ. ದುಡ್ಡಿಗೆ ನನ್ನ ಪಿಂಚಣಿಯಿಂದ ಸ್ವಲ್ಪ ಕೊಟ್ಟೆ. ‘ವಾಪಸ್ ಕೊಡ್ತೀನಿ ಅತ್ಗೆ’ ಎಂದಳು. ‘ಇದು ಕೋಳಿ ದುಡ್ಡೇ ಕಣಮ್ಮ, ಕೊಡೋದೇನಿಲ್ಲ’ ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಹೇಳಲು ಹೊತ್ತೂ ಇರಲಿಲ್ಲ, ಆಗಲೇ ಸಂಜೆಯಾಗಿತ್ತು.

ಜಾಲರಿ ಹಾಕಿದ ಮಾತ್ರಕ್ಕೆ ಎಲ್ಲ ಮುಗಿಯಿತೆಂದು ನಾನು ಹೇಳಲಾರೆ. ಜಾಲರಿ ತುಕ್ಕು ಹಿಡಿಯುತ್ತದೆ, ಚಿಲಕ ಸಡಿಲವಾಗುತ್ತದೆ, ಮನೆಯವರು ಮರೆಯುತ್ತಾರೆ. ಯಾರಾದರೊಬ್ಬರು ದಿನಾ ಆ ಹೊತ್ತಿಗೆ ಅಲ್ಲಿರಲೇಬೇಕು, ಮದುವೆ ಇರಲಿ, ಜ್ವರ ಇರಲಿ. ಸಾಮಾನ್ಯವಾಗಿ ಆ ಯಾರಾದರೊಬ್ಬರು ಹೆಂಗಸೇ ಆಗಿರುತ್ತಾಳೆ. ಅದು ಕೆಲಸವೆಂದು ಅವಳಿಗೂ ಅನ್ನಿಸಿರುವುದಿಲ್ಲ. ಈ ಸಲ ಹೊರಡುವ ಮೊದಲು ತಮ್ಮನನ್ನು ಕರೆದು, ವಾರಕ್ಕೆ ಎರಡು ದಿನವಾದರೂ ನೀನು ಮುಚ್ಚಪ್ಪ ಎಂದು ಹೇಳಿ ಬಂದಿದ್ದೇನೆ. ನಕ್ಕ. ಮೊನ್ನೆ ಅವನ ಹೆಂಡತಿ ಫೋನು ಮಾಡಿದಾಗ ಕೇಳಿದೆ. ಮುಚ್ಚುತ್ತಾನಂತೆ, ಆದರೆ ಎಣಿಸುವುದಿಲ್ಲವಂತೆ. ಎಣಿಸಲು ಅವಳೇ ಹೋಗಬೇಕಂತೆ.